ಆಕ್ಲೆಂಡ್, ವಯಾ ಕೆಂಗೇರಿ

ಬೆಂಗಳೂರಿನಿಂದ ಆಕ್ಲೆಂಡಿಗೆ ಎಷ್ಟು ದೂರ ಎಂದು ಯಾರಿಗಾದರೂ ಅನುಮಾನವಿದ್ದರೆ ನನ್ನನ್ನು ಕೇಳಬಹುದು. ನಾನು ಹೋಗಿ ಬಂದವನು. ಬೆಳಗ್ಗೆ ಕಾಫಿ ಕುಡಿದು ವಿಜಯನಗರ ಬಿಟ್ಟೆ, ಕೆಂಗೇರಿಯಲ್ಲಿ ಇಳಿದು ಒಂದು ಕೋಳಿನಿದ್ದೆ ತೆಗೆದೆ, ಸುಂಕದಕಟ್ಟೆಯ ಹತ್ತಿರ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡೆ, ಸಾಯಂಕಾಲದ ಕಾಫಿಯ ಹೊತ್ತಿಗೆ ಮನೆಗೆ ಬಂದು ಬಿದ್ದೆ. ಪಾಸ್‌ಪೋರ್ಟು ಬೇಕಾಗಲಿಲ್ಲ. ನಗಬೇಡಿ, ಪೂರ್ತಿ ಕೇಳಿ.

ಊರುಗಳ ದೂರ ನೋಡುವ ಚಟ ನನಗೆ ಅಂಟಿಕೊಂಡು ಒಂದು ವರ್ಷದ ಮೇಲಾಯಿತು. ಫೋನಿನಲ್ಲಿ ಎರಡು ಊರಿನ ಹೆಸರು ಒತ್ತಿದರೆ ಸಾಕು. ನಡುವೆ ಎಷ್ಟು ಕಿಲೋಮೀಟರು, ವಿಮಾನಕ್ಕೆ ಎಷ್ಟು ಗಂಟೆ, ಎಲ್ಲಿ ಇಳಿದು ಎಲ್ಲಿ ಹತ್ತಬೇಕು ಎಲ್ಲ ಬಂದು ಬೀಳುತ್ತದೆ. ಲಿಮಾದಿಂದ ಹೆಲ್ಸಿಂಕಿ. ನೈರೋಬಿಯಿಂದ ಟೋಕಿಯೊ. ಆ ಊರುಗಳಲ್ಲಿ ನನಗೆ ಒಂದು ನರಪಿಳ್ಳೆಯೂ ಗೊತ್ತಿಲ್ಲ. ವಿಮಾ ಕಚೇರಿಯಿಂದ ನಿವೃತ್ತನಾದ ನಾನು ವಿಮಾನವನ್ನು ಇಂದಿಗೂ ಕೆಳಗಿನಿಂದಲೇ ನೋಡುತ್ತಿರುವವನು. ಆದರೆ ನನ್ನ ಫೋನು ಮಾತ್ರ ಈ ಮನುಷ್ಯ ಇಂದೋ ನಾಳೆಯೋ ಲೋಕ ಸುತ್ತಲು ಹೊರಡುತ್ತಾನೆಂದು ನಂಬಿಬಿಟ್ಟಿದೆ. ದಿನವೂ ಸೂಟ್‌ಕೇಸು, ಉಣ್ಣೆಯ ಟೋಪಿ, ಸಮುದ್ರದ ದಂಡೆಯ ಹೋಟೆಲು ತೋರಿಸುತ್ತದೆ. ನನ್ನ ಹೆಂಡತಿ ಲೀಲಾಳಿಗೆ ಆ ನಂಬಿಕೆಯಿಲ್ಲ.

“ಮಾರೇನಹಳ್ಳಿಗೆ ಎಷ್ಟು ದೂರ ಅಂತ ನೋಡಿ ಮೊದ್ಲು. ಮನೇಲಿ ಕೊತ್ತಂಬರಿ ಸೊಪ್ಪಿಲ್ಲ,” ಅನ್ನುತ್ತಾಳೆ.

ನಿಜ ಹೇಳಬೇಕೆಂದರೆ ನಮ್ಮ ಮನೆಯಲ್ಲಿ ದೂರದ ವಿಷಯಕ್ಕೆ ಫೋನಿನ ಮಾತು ನಡೆಯುವುದಿಲ್ಲ, ಅವ್ವನ ಮಾತು ನಡೆಯುತ್ತದೆ. ಅವ್ವ ಅಂದರೆ ನಮ್ಮ ತಾಯಿ. ತವರು ದಾವಣಗೆರೆ ಕಡೆಯ ಹಳ್ಳಿ. ಅಪ್ಪನ ನೌಕರಿಯ ಹಿಂದೆ ವಿಜಯನಗರಕ್ಕೆ ಬಂದು ಅರ್ಧ ಶತಮಾನವಾದರೂ ಅವಳ ಮಾತೂ ಬದಲಾಗಲಿಲ್ಲ, ಅಳತೆಯೂ ಬದಲಾಗಲಿಲ್ಲ. ಮೂಲೆಯ ಅಂಗಡಿ ಕೂಗಳತೆ ದೂರ. ಮಾರ್ಕೆಟ್ಟು ಒಂದು ಎಲೆಯಡಿಕೆ ದೂರ, ಅಂದರೆ ಮನೆಯಲ್ಲಿ ಬಾಯಿಗೆ ಹಾಕಿಕೊಂಡದ್ದು ಅಲ್ಲಿಗೆ ಹೋಗುವ ಹೊತ್ತಿಗೆ ಮುಗಿಯಬೇಕು. ಅದರಾಚೆ ಇರುವ ಸಮಸ್ತ ಭೂಮಂಡಲಕ್ಕೂ ಅವಳದು ಒಂದೇ ಅಳತೆ: ಬುತ್ತಿ.

ಬುತ್ತಿ ಅಂದರೆ ದಾರಿಗೆ ಕಟ್ಟಿಕೊಂಡ ಅನ್ನ, ಅಷ್ಟೇ ತಾನೆ ಎಂದು ನೀವು ಹಗುರವಾಗಿ ತಿಳಿಯಬಾರದು. ಅವ್ವ ಮೆತ್ತಗೆ ಬೆಂದ ಅನ್ನವನ್ನು ಕೈಯಲ್ಲಿ ಮಿದ್ದು, ಉಗುರುಬೆಚ್ಚಗಿನ ಹಾಲು ಸುರಿದು, ಒಂದೇ ಒಂದು ಚಮಚ ಮೊಸರು ಬೆರೆಸುತ್ತಾಳೆ. ಮೇಲೆ ಶುಂಠಿ, ಕರಿಬೇವು, ಸಾಸಿವೆಯ ಒಗ್ಗರಣೆ. ಕ್ಲಿಪ್ಪು ಇರುವ ಸ್ಟೀಲಿನ ಡಬ್ಬಿಗೆ ಒತ್ತಿ ತುಂಬಿ ಬಟ್ಟೆಯಲ್ಲಿ ಕಟ್ಟುತ್ತಾಳೆ. ಮನೆ ಬಿಡುವಾಗ ಅದು ಬರೀ ಹಾಲನ್ನ, ಸಪ್ಪೆ. ದಾರಿಯಲ್ಲಿ ಎಲ್ಲೋ ಒಂದು ಕಡೆ, ಯಾರಿಗೂ ಹೇಳದೆ ಕೇಳದೆ, ಅದು ಮೊಸರನ್ನವಾಗುತ್ತದೆ. ಇನ್ನೂ ಮುಂದೆ ಹೋದರೆ ಹುಳಿ. ಅದಕ್ಕೂ ಮುಂದೆ ಹೋದರೆ ಹಳಸಲು. ಊರು ಹದದೊಳಗೆ ಸಿಕ್ಕರೆ ಒಂದು ಬುತ್ತಿ ದೂರ. ಸಿಗದಿದ್ದರೆ ಅದು ಮನುಷ್ಯರು ಹೋಗುವ ಊರಲ್ಲ.

ಬೇಸಿಗೆ ರಜಕ್ಕೆ ನಾವು ರೈಲಿನಲ್ಲಿ ದಾವಣಗೆರೆಗೆ ಹೋಗುತ್ತಿದ್ದೆವು. ಕಿಟಕಿಯ ಪಕ್ಕ ನಾನು, ಅವ್ವನ ತೊಡೆಯ ಮೇಲೆ ನನಗಿಂತ ತುಂಬ ಚಿಕ್ಕವಳಾದ ತಂಗಿ ಸುಧಾ, ಅವ್ವನ ಕಾಲ ಬುಡದಲ್ಲಿ ಬುತ್ತಿ. ರೈಲು ಯಶವಂತಪುರ ಬಿಡುವ ಮೊದಲೇ ನನಗೆ ಹಸಿವು ಶುರುವಾಗುತ್ತಿತ್ತು.

“ಅವ್ವ, ಬುತ್ತಿ ಬಿಚ್ಚೇ.”

“ಅರಸೀಕೆರೆ ಬರ್ಲಿ.”

ತುಮಕೂರು ಬಂತು. ಎದುರು ಸೀಟಿನವರು ಪುಳಿಯೋಗರೆ ಬಿಚ್ಚಿದರು. “ಅವ್ವ.” “ಅರಸೀಕೆರೆ ಬರ್ಲಿ ಅಂದ್ನಲ್ಲ.” ತಿಪಟೂರು ಬಂತು. ಅಲ್ಲೊಂದು ಸಲ ನಾನು ಕಾಲಿನಿಂದಲೇ ಡಬ್ಬಿಯ ಕ್ಲಿಪ್ಪು ಮೀಟಲು ಹೋಗಿ ಮೊಣಕಾಲಿನ ಮೇಲೆ ಒಂದು ಏಟು ತಿಂದಿದ್ದೇನೆ. “ಇನ್ನೂ ಹಾಲೈತೆ ಅದು, ಹದ ಬಂದಿಲ್ಲ. ಹೊಟ್ಟೆ ಏನು ನಿಂದು, ಒಲೆನಾ?” ಅಂದಿದ್ದಳು. ಇನ್ನೊಂದು ಸಲ ಅರಸೀಕೆರೆ ಇನ್ನೇನು ಬಂತು ಅನ್ನುವಾಗ ರೈಲು ಕುರುಚಲು ಗಿಡಗಳ ನಡುವೆ ನಿಂತುಬಿಟ್ಟಿತು. ಬೋಗಿಯಲ್ಲಿ ಎಲ್ಲರೂ ಉಂಡು ಕೈ ತೊಳೆದರು. ಅವ್ವ ಕದಲಲಿಲ್ಲ. ಅಂತೂ ಸ್ಟೇಷನ್ನಿನ ಹಳದಿ ಬೋರ್ಡು ಕಂಡ ಮೇಲೆ ಗಂಟು ಬಿಚ್ಚಿದಳು. ಮುಚ್ಚಳ ತೆಗೆದಾಗ ಬಂದ ಆ ಪರಿಮಳ ಈಗಲೂ ಮೂಗಿನಲ್ಲಿದೆ. ಇವತ್ತಿಗೂ ಅರಸೀಕೆರೆ ಅಂದರೆ ನನ್ನ ಬಾಯಲ್ಲಿ ನೀರೂರುತ್ತದೆ. ಕಚೇರಿಯಲ್ಲಿ ಅರಸೀಕೆರೆಯ ಸಹೋದ್ಯೋಗಿ ಒಬ್ಬರಿದ್ದರು. ಅವರ ಜೊತೆ ಹತ್ತು ನಿಮಿಷ ಮಾತಾಡಿದರೆ ನಾನು ಕ್ಯಾಂಟೀನಿಗೆ ಓಡಬೇಕಾಗುತ್ತಿತ್ತು. ಅವರು ಕೊನೆಯವರೆಗೂ ನನ್ನನ್ನು ಅಹಂಕಾರಿ ಎಂದೇ ತಿಳಿದಿದ್ದರು.

ಇದೆಲ್ಲ ತಮಾಷೆಯಾಗಿಯೇ ಇರುತ್ತಿತ್ತು, ಅವ್ವ ಆ ಅಳತೆಯನ್ನು ಮದುವೆಗೂ ತಂದಿರದಿದ್ದರೆ. ‘ತವರಿನ ಬುತ್ತಿ ಹಳಸೋವಷ್ಟು ದೂರಕ್ಕೆ ಹೆಣ್ಣು ಕೊಡಬಾರ್ದು’ ಎಂಬುದು ಅವಳ ಕಾನೂನು. ಸುಧಾಳಿಗೆ ಹಿಂದೆ ಬೀದರಿನಿಂದ ಒಂದು ಸಂಬಂಧ ಬಂದಿತ್ತು. ಹುಡುಗ ಒಳ್ಳೆಯವನು, ಸುಧಾಳಿಗೂ ಮನಸ್ಸಿತ್ತು. ಅವ್ವ ಬೆರಳು ಮಡಿಚಿ, “ಬೀದರ್ ಎರಡು ಬುತ್ತಿ,” ಅಂದಳು. ಅಲ್ಲಿಗೆ ಮುಗಿಯಿತು. ಆಮೇಲೆ ಬಂದವುಗಳಲ್ಲಿ ದೂರ ಸರಿಯಿದ್ದರೆ ಹುಡುಗ ಸರಿಯಿಲ್ಲ, ಹುಡುಗ ಸರಿಯಿದ್ದರೆ ಅವನಮ್ಮ ಸರಿಯಿಲ್ಲ. ಸುಧಾ ಒಂದು ಸ್ಕೂಟರ್ ತೆಗೆದುಕೊಂಡು, ಬಸವೇಶ್ವರನಗರದ ಪಿಯು ಕಾಲೇಜಿಗೆ ಗಣಿತ ಪಾಠ ಮಾಡಲು ಹೋಗುತ್ತ ಬರುತ್ತ ನಲವತ್ತು ದಾಟಿದಳು. ಬೀದರಿನ ಹೆಸರನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಟೀವಿಯ ಹವಾಮಾನ ವರದಿಯಲ್ಲಿ ಬೀದರ್ ಬಂದರೆ ಅವ್ವ ಎದ್ದು ಒಳಗೆ ಹೋಗುತ್ತಿದ್ದಳು.

ಹೀಗಿರುವಾಗ ಶಿವಾನಂದ ಬಂದ. ರಾಜಾಜಿನಗರದಲ್ಲಿ ಹುಟ್ಟಿ ಬೆಳೆದವನು, ಈಗ ಬಹಳ ವರ್ಷದಿಂದ ಆಕ್ಲೆಂಡಿನಲ್ಲಿದ್ದಾನೆ. ಹೆಂಡತಿ ತೀರಿಕೊಂಡು ಕೆಲವು ವರ್ಷವಾಗಿದೆ, ಮಕ್ಕಳಿಲ್ಲ. ಮಾರೇನಹಳ್ಳಿಯಲ್ಲಿ ಯಾರದೋ ಗೃಹಪ್ರವೇಶದ ಪಂಕ್ತಿಯಲ್ಲಿ ಸುಧಾಳ ಪಕ್ಕದ ಎಲೆ ಅವನಿಗೆ ಸಿಕ್ಕಿತು. ಮೊಸರನ್ನವನ್ನು ಮೂರು ಸಲ ಹಾಕಿಸಿಕೊಂಡವನನ್ನು ನೋಡಿ ಸುಧಾ ನಕ್ಕಳಂತೆ. “ನಮ್ಮೂರಲ್ಲಿ ಸಿಗಲ್ಲ ಮೇಡಂ,” ಅಂದನಂತೆ. ಅಲ್ಲಿಂದ ಶುರುವಾದ ಮಾತು ಫೋನಿನಲ್ಲಿ ಮುಂದುವರಿದು, ಒಂದು ಭಾನುವಾರ ಸುಧಾ ನನ್ನ ಮುಂದೆ ಬಂದು ಕೂತಳು.

“ಅಣ್ಣ, ನಾನು ಮದುವೆ ಆಗ್ಬೇಕು ಅಂತಿದೀನಿ. ಆದ್ರೆ ಅವ್ವ ಹೂಂ ಅನ್ಬೇಕು.”

“ಅಲ್ಲ ಕಣೇ, ಈ ವಯಸ್ಸಲ್ಲಿ ನಿನಗೆ ಯಾರ ಹೂಂ ಬೇಕು?”

“ಅವ್ವನ ಹೂಂ ಇಲ್ದೆ ಹೋದ್ರೆ ಅಲ್ಲಿ ನನಗೆ ಅನ್ನ ಗಂಟಲಲ್ಲಿ ಇಳಿಯಲ್ಲ ಅಣ್ಣ. ಬೇಡ ಅಂದ್ರೆ ಬಿಟ್ಬಿಡ್ತೀನಿ. ಆದ್ರೆ ಆಮೇಲೆ ಇನ್ನೊಂದ್ಸಲ ಕೇಳಲ್ಲ, ಅಷ್ಟೇ.”

ಅವಳು ಜೋರು ಮಾಡಿ ಹೇಳಿದ್ದರೆ ನಾನು ವಾದ ಮಾಡುತ್ತಿದ್ದೆ. ಮೆಲ್ಲಗೆ ಹೇಳಿದಳು. ಅವ್ವನ ಹತ್ತಿರ ನಾನೇ ಮಾತಾಡುತ್ತೇನೆ ಅಂದೆ.

ಈಗ ಶಿವಾನಂದನ ಕೆಲಸದ ವಿಷಯ. ಅವ್ವ ಕೇಳಿದಾಗ ನಾನು, “ಏರ್‌ಪೋರ್ಟಲ್ಲಿ ಆಫೀಸರ್ ಅವ್ವ,” ಅಂದೆ. ಅದು ನಿಜವೇ. ಅವ್ವನಿಗೂ ಖುಷಿಯಾಯಿತು. ಆದರೆ ಅಲ್ಲಿ ಅವನು ಏನು ಮಾಡುತ್ತಾನೆಂದು ನಾನು ಬಾಯಿ ಬಿಡಲಿಲ್ಲ. ಆ ದೇಶದವರಿಗೆ ತಮ್ಮ ದನಕರು, ಹೊಲತೋಟಕ್ಕೆ ಹೊರಗಿನ ರೋಗ ತಗಲೀತೆಂದು ಭಯ. ಹಾಗಾಗಿ ಹಾಲು, ಮೊಸರು, ಬೀಜ, ಹಣ್ಣು ಯಾವುದನ್ನೂ ಸುಲಭಕ್ಕೆ ಒಳಗೆ ಬಿಡುವುದಿಲ್ಲ. ಬಂದಿಳಿದವರ ಚೀಲ ಬಿಚ್ಚಿಸಿ, ಒಳಗಿರುವ ತಿಂಡಿತೀರ್ಥ ತೆಗೆದು, ತೊಟ್ಟಿಗೆ ಹಾಕುವುದೇ ಶಿವಾನಂದನ ಉದ್ಯೋಗ. ಪ್ರಪಂಚದ ಎಲ್ಲ ತಾಯಂದಿರು ಕಟ್ಟಿಕೊಟ್ಟ ಬುತ್ತಿಯನ್ನು ಸಂಬಳ ತೆಗೆದುಕೊಂಡು ಬಿಸಾಡುವವನು! ನಮ್ಮ ಅವ್ವನಿಗೆ ಅಳಿಯನಾಗಲು ಇಷ್ಟೊಂದು ಅನರ್ಹನಾದ ಮನುಷ್ಯ ಮೂರು ಲೋಕ ಹುಡುಕಿದರೂ ಸಿಗುತ್ತಿರಲಿಲ್ಲ. ಸುಧಾ ಹುಡುಕಿ ತಂದಿದ್ದಳು.

ಸರಿ, ಮಾತುಕತೆಗೆ ಕೂತೆವು.

“ಎಷ್ಟ್ ದೂರ ಐತೋ ಅದು?” ಅವ್ವ ಕೇಳಿದಳು.

ನಾನು ಫೋನು ತೆಗೆದೆ. ನನ್ನ ಚಟ ಶುರುವಾದದ್ದು ಆ ಗಳಿಗೆಯಲ್ಲಿಯೇ. “ಹನ್ನೊಂದು ಸಾವಿರ ಕಿಲೋಮೀಟರ್ ಚಿಲ್ಲರೆ ಅವ್ವ.”

“ಕಿಲೋಮೀಟರ್ ತಗಂಡು ಉಪ್ಪಿನಕಾಯಿ ಹಾಕ್ಲಾ? ಬುತ್ತಿ ಹೇಳು.”

“ಸಿಂಗಾಪುರದಲ್ಲಿ ಇಳಿದು ಇನ್ನೊಂದು ವಿಮಾನ ಹತ್ತಬೇಕು. ಎಲ್ಲ ಸೇರಿ ಹದಿನೆಂಟೋ ಇಪ್ಪತ್ತೋ ಗಂಟೆ. ಇವತ್ತು ಬಿಟ್ರೆ ನಾಳೆ ಮುಟ್ಟುತ್ತೆ.”

“ನಾಳೆಯಾ? ಹಂಗಾರೆ ತಂಗಳು.”

ಸುಧಾ ಪೆನ್ನು ಕಾಗದ ತಂದಳು. “ಇಲ್ಲವ್ವ, ಅಲ್ಲಿಯ ಗಡಿಯಾರ ನಮಗಿಂತ ಮುಂದೆ ಇರುತ್ತೆ. ಅದಕ್ಕೆ ನಾಳೆ ಅಂತ ಕಾಣುತ್ತೆ. ನಿಜವಾಗಿ ಅಷ್ಟು ಹೊತ್ತು ಆಗಿರಲ್ಲ.”

“ಆಯ್ತು. ಮೊಸರು ಯಾವ ಗಡಿಯಾರ ನೋಡ್ಕಂಡು ಹುಳಿ ಆಗ್ತೈತೆ? ನಮ್ಮದಾ, ಅವರದಾ?”

ನೂರಾರು ಹುಡುಗರಿಗೆ ಕ್ಯಾಲ್‌ಕುಲಸ್ ಕಲಿಸಿದ ನನ್ನ ತಂಗಿ ಪೆನ್ನಿನ ಮುಚ್ಚಳ ಹಾಕಿಬಿಟ್ಟಳು. ನಾನೇ ಮಾತು ಬದಲಿಸಲು, “ಬರೋವಾಗ ಹಾಗಲ್ಲವ್ವ. ಅಲ್ಲಿ ಬೆಳಗ್ಗೆ ಬಿಟ್ರೆ ಅದೇ ದಿನ ರಾತ್ರಿ ಇಲ್ಲಿರ್ತಾರೆ,” ಅಂದೆ.

ಅವ್ವನ ಮುಖ ಅರಳಿತು. “ತವರಿಗೆ ಬರೋ ದಾರಿ ಯಾವತ್ತೂ ಹತ್ರಾನೇ ಕಣೋ. ನಮ್ಮ ಕಾಲದಾಗೂ ಹಂಗೇ ಇತ್ತು. ಹೋಗೋ ದಾರಿದೇ ತಾಪತ್ರಯ.”

ಕೊನೆಗೆ ಅವಳೇ ತೀರ್ಮಾನ ಹೇಳಿದಳು: ಬುತ್ತಿ ಕಟ್ಟಿ ನೋಡೋಣ, ಹಳಸದಿದ್ದರೆ ಕೊಡೋಣ. ಲೀಲಾ ಪಾಪ, “ಡಬ್ಬೀನ ಅಡುಗೆಮನೆ ಕಟ್ಟೆ ಮೇಲೆ ಇಟ್ಟು ನೋಡಿದ್ರಾಯ್ತು ಬಿಡಿ ಅತ್ತೆ,” ಅಂದಳು. ಅವ್ವ ಅವಳನ್ನು ಕನಿಕರದಿಂದ ನೋಡಿದಳು.

“ಕುಂತ ಬುತ್ತಿ ಬೇರೆ, ಕುಲುಕಿದ ಬುತ್ತಿ ಬೇರೆ. ಇವನಿಗೆ ಹೆಂಗೂ ರಿಟೈರ್ ಆಗೈತೆ. ಡಬ್ಬಿ ತಗಂಡು ತಿರುಗ್ಲಿ.”

ಹೀಗೆ ನಾನು ವಿಮಾನವಾದೆ. ಸುಧಾ ದಾರಿ ಹಾಕಿಕೊಟ್ಟಳು. ಮೆಟ್ರೊದಲ್ಲಿ ವಿಜಯನಗರದಿಂದ ಕೆಂಗೇರಿ. ಮೆಟ್ರೊದಲ್ಲೂ ವಿಮಾನದಂತೆ ಎಸಿ ಇದೆಯಲ್ಲ. ಕೆಂಗೇರಿಯಲ್ಲಿ ನಮ್ಮ ದೊಡ್ಡಮ್ಮನ ಮಗಳು ಗೌರಕ್ಕನ ಮನೆಯೇ ಸಿಂಗಾಪುರ. ಅಲ್ಲಿ ಒಂದಿಷ್ಟು ಹೊತ್ತು ವಿಶ್ರಾಂತಿ. ಅಲ್ಲಿಂದ ಬಸ್ಸು ಬದಲಿಸುತ್ತ ಮಾಗಡಿ ರಸ್ತೆಗೆ ಬಂದು, ಸುಂಕದಕಟ್ಟೆ ಹಾದು ಮನೆ. ಏಪ್ರಿಲ್ ಬಿಸಿಲಿನ ಒಂದು ಗಂಟೆ ವಿಮಾನದ ಎಸಿಯ ಎರಡು ಗಂಟೆಗೆ ಸಮ ಎಂದು ಗಣಿತದ ಮೇಡಂ ಲೆಕ್ಕ ಕಟ್ಟಿದರು. ಅವ್ವ ಅದಕ್ಕೆ ಒಪ್ಪಿದಳು. ಮನೆಗೆ ಮುಟ್ಟುವ ಹೊತ್ತಿಗೆ ಶಿವಾನಂದ ಅಲ್ಲಿಂದ ಫೋನಿನಲ್ಲಿ ಮುಖ ತೋರಿಸಬೇಕು, ಅವನೆದುರೇ ಡಬ್ಬಿ ಬಿಚ್ಚಬೇಕು ಎಂದೂ ಆಯಿತು.

“ಅಂತೂ ನೀವೂ ವಿಮಾನ ಹತ್ತಿದ್ರಿ ಬಿಡಿ,” ಅಂದಳು ಲೀಲಾ ಬಾಗಿಲಲ್ಲಿ.

“ಹತ್ತಲಿಲ್ಲ ಕಣೇ. ನಾನೇ ವಿಮಾನ,” ಅಂದೆ. ಗತ್ತು ನೋಡಿ.

ಗತ್ತು ಮೆಟ್ರೊ ನಿಲ್ದಾಣದವರೆಗೆ ಇತ್ತು. ಚೀಲ ಯಂತ್ರದೊಳಗೆ ಹೋಗಿ ಬಂದ ಮೇಲೆ ಸೆಕ್ಯುರಿಟಿಯ ಹೆಂಗಸು ಡಬ್ಬಿಯನ್ನು ತಟ್ಟಿ ನೋಡಿ, “ಏನ್ ಸಾರ್ ಇದು?” ಅಂದಳು.

“ಬುತ್ತಿ ಕಣಮ್ಮ. ಆಕ್ಲೆಂಡಿಗೆ ಹೋಗ್ತಾ ಇದೆ.”

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಎಸ್ಕಲೇಟರ್ ಬಲಗಡೆ ಸಾರ್,” ಅಂದಳು.

ಒಳಗೆ ಸೀಟು ಸಿಕ್ಕಿತು. ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಆಗಾಗ ಅಲ್ಲಾಡಿಸಬೇಕೆಂದು ಅವ್ವ ಹೇಳಿದ್ದಳು. ವಿಮಾನ ಮೋಡಕ್ಕೆ ಸಿಕ್ಕರೆ ಕುಲುಕುತ್ತದೆಂದು ಅವಳು ಟೀವಿಯಲ್ಲಿ ನೋಡಿದ್ದಾಳೆ. ನಾನು ನಿಯತ್ತಾಗಿ ಪ್ರತಿ ನಿಲ್ದಾಣಕ್ಕೊಮ್ಮೆ ಕುಲುಕಿದೆ. ಪಕ್ಕದ ಹುಡುಗ ಕಿವಿಯಿಂದ ಹೆಡ್‌ಫೋನು ತೆಗೆದು, “ಅಂಕಲ್, ಅದ್ರಲ್ಲಿ ಏನಾದ್ರೂ ಜೀವ ಇದ್ಯಾ?” ಎಂದು ಕೇಳಿದ. ಇದೆ ಮಗಾ, ನನ್ನ ತಂಗಿಯ ಜೀವ ಇದೆ ಅನ್ನಬೇಕೆನಿಸಿತು. “ಮೊಸರನ್ನ,” ಅಂದೆ. ಅವನು ಎದ್ದು ಬೇರೆ ಕಡೆ ನಿಂತುಕೊಂಡ.

ಕೆಂಗೇರಿಯಲ್ಲಿ ಗೌರಕ್ಕ ಬಾಯ್ತುಂಬ ಕರೆದಳು. ಅವಳ ಮನೆಯಲ್ಲಿ ಅವತ್ತು ಬೀಗರ ಕಡೆಯವರು ಬಂದು ತುಂಬಿಕೊಂಡಿದ್ದರು. ಗೋಧಿ ಹುಗ್ಗಿಯ ಘಮ ಬೀದಿಗೇ ಬರುತ್ತಿತ್ತು. ನಾನು ಬಂದ ಉದ್ದೇಶವನ್ನು ಆ ಗಲಾಟೆಯಲ್ಲಿ ಬಿಡಿಸಿ ಹೇಳಲಾಗಲಿಲ್ಲ. ಡಬ್ಬಿಯನ್ನು ಊಟದ ಮೇಜಿನ ಮೂಲೆಯಲ್ಲಿಟ್ಟು, ಮಜ್ಜಿಗೆ ಕುಡಿದು, ಫ್ಯಾನಿನ ಕೆಳಗೆ ದಿವಾನದ ಮೇಲೆ ಒರಗಿದೆ. ಬಿಸಿಲಲ್ಲಿ ಬಂದ ವಿಮಾನ, ಕಣ್ಣು ಎಳೆದುಕೊಂಡು ಹೋಯಿತು.

ಎದ್ದಾಗ ಮನೆ ಶಾಂತವಾಗಿತ್ತು. ಎಲ್ಲರ ಊಟವಾಗಿತ್ತು. ನನ್ನ ಡಬ್ಬಿ ಮೇಜಿನ ಮೇಲೆಯೇ ಇತ್ತು. ಎತ್ತಿದೆ. ಬೆಚ್ಚಗಿತ್ತು. ತೂಕ ಬೇರೆಯಾಗಿತ್ತು.

“ಗೌರಕ್ಕ, ಇದರಲ್ಲಿದ್ದ ಬುತ್ತಿ?”

“ಬಡಿಸ್ದೆ ಕಣಪ್ಪ. ಚಿಕ್ಕವ್ವನ ಕೈದು ಅಂದ ತಕ್ಷಣ ಕಿತ್ತಾಡ್ಕೊಂಡು ತಿಂದ್ರು. ಒಂದಗುಳು ಉಳೀಲಿಲ್ಲ.”

ಅವಳದೇನೂ ತಪ್ಪಿಲ್ಲ. ನಮ್ಮ ಕಡೆ ಮನೆಗೆ ಬಂದ ಡಬ್ಬಿ ಎಂದರೆ ಆ ಮನೆಗೇ ಬಂದದ್ದು. ಅದನ್ನು ಖಾಲಿ ಮಾಡಿ, ತೊಳೆದು, ಮನೆಯಲ್ಲಿರುವ ಒಳ್ಳೆಯದನ್ನು ತುಂಬಿ ಕಳಿಸಬೇಕು. ಬರಿದಾಗಿ ಕಳಿಸಿದರೆ ಅವಮರ್ಯಾದೆ. ತುಂಬಿದ ಡಬ್ಬಿ ತಂದು, ಹಾಗೇ ವಾಪಸು ಎತ್ತಿಕೊಂಡು ಹೋಗುವ ನೆಂಟನನ್ನು ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಹುಗ್ಗಿ ತುಂಬಿದ್ದಳು. ವಿಮಾನ ನಿಂತಲ್ಲೇ ಲಗೇಜು ಬದಲಾಗಿ ಹೋಗಿತ್ತು.

“ಹಳಸಿರಲಿಲ್ಲ ತಾನೇ?” ಜೀವ ಬಾಯಿಗೆ ಬಂದು ಕೇಳಿದೆ.

“ಅಯ್ಯೋ, ಚಿಕ್ಕವ್ವನ ಬುತ್ತೀನ ಹಳಸೈತೋ ಇಲ್ವೋ ಅಂತ ಯಾರಾದ್ರೂ ನೋಡ್ತಾರೇನೋ? ತಿಂತಾರೆ,” ಅಂದಳು ಗೌರಕ್ಕ.

ನೆಟ್ಟಗೆ ಮನೆಗೆ ಹೋಗಲು ಮುಖವಿರಲಿಲ್ಲ. ಹಾಕಿಕೊಟ್ಟ ದಾರಿಯಲ್ಲೇ ಹೊರಟೆ. ಸುಂಕದಕಟ್ಟೆಯ ಹತ್ತಿರ ಬಸ್ಸು ನಿಂತಿತು ನೋಡಿ, ಅಷ್ಟು ಹೊತ್ತಿನಲ್ಲಿ ನಿಜವಾದ ವಿಮಾನ ಒಂದು ಸಮುದ್ರ ದಾಟಿರುತ್ತಿತ್ತು. ಕಿಟಕಿಯಿಂದ ಬಿಸಿಗಾಳಿ ಬೀಸುತ್ತಿತ್ತು. ಅವ್ವನಿಗೆ ಏನು ಹೇಳಲಿ? ಬೀದರಿನ ಹುಡುಗ ಎರಡು ಬುತ್ತಿಯ ಲೆಕ್ಕದಲ್ಲಿ ಹೋದ. ಇವನು ಕೆಂಗೇರಿಯಲ್ಲೇ ಹೋಗಿಬಿಟ್ಟರೆ? ನನ್ನ ತಂಗಿಯ ಬಾಳು ನನ್ನ ಮಧ್ಯಾಹ್ನದ ನಿದ್ದೆಯಲ್ಲಿ ಮುಳುಗಿತಲ್ಲ ಎಂದು ನನಗೆ ಅಳುವೇ ಬಂತು.

ಮನೆಗೆ ಬಂದಾಗ ಅವ್ವ ನಡುಮನೆಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಳು. ಸುಧಾಳ ಕೈಯಲ್ಲಿ ಫೋನು, ಅದರೊಳಗೆ ಶಿವಾನಂದ. ಅಲ್ಲಿ ಊಟ ಮುಗಿದು ಮಲಗುವ ಹೊತ್ತು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದ. ಅವ್ವ ಗಂಟು ಬಿಚ್ಚಿದಳು, ಕ್ಲಿಪ್ಪು ತೆಗೆದಳು. ಹುಗ್ಗಿಯ ಘಮ.

“ಇದೇನೋ ಇದು? ಅನ್ನ ಹೋಗಿ ಹುಗ್ಗಿ ಆಗೈತೆ!”

ಇದ್ದದ್ದನ್ನು ಇದ್ದಂತೆ ಹೇಳಿದೆ. ಲೀಲಾ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಸುಧಾ ನಗಲಿಲ್ಲ. ಅವ್ವ ಫೋನಿನ ಕಡೆ ತಿರುಗಿ, “ನೋಡಪ್ಪ, ನಮ್ಮ ಬುತ್ತಿ ಕೆಂಗೇರಿನೇ ದಾಟಲಿಲ್ಲ. ನಿಮ್ಮೂರು ಹೆಂಗೆ ಮುಟ್ಟುತ್ತೆ?” ಅಂದಳು.

ಶಿವಾನಂದ ಗಂಟಲು ಸರಿಮಾಡಿಕೊಂಡ. ನಾನು ಅವ್ವನ ಬೆನ್ನ ಹಿಂದೆ ನಿಂತು ಬೇಡ ಬೇಡವೆಂದು ಎರಡೂ ಕೈ ಆಡಿಸಿದೆ.

“ಅಮ್ಮ, ಮುಟ್ಟಿದ್ರೂ ಒಳಗೆ ಬಿಡೋ ಹಾಗಿಲ್ಲ. ಇಲ್ಲಿ ಹೊರಗಿನ ಹಾಲು ಮೊಸರು ಬಿಡಲ್ಲ. ಅದನ್ನ ತಡೆಯೋದೇ ನನ್ನ ಕೆಲಸ. ನಿಮ್ಮ ಬುತ್ತಿ ಬಂದ್ರೂ ನಾನೇ ತೆಗೆದು ಬಿಸಾಕ್ಬೇಕು.”

“ಅನ್ನಾನ?”

“ಹೂಂ ಅಮ್ಮ. ಅನ್ನಾನೂ. ನಿಮಗೆ ಹೇಳ್ದೆ ಮದುವೆ ಮಾಡ್ಕೊಳೋದು ಸರಿ ಅಲ್ಲ ಅನ್ನಿಸ್ತು.”

ಅವ್ವ ಡಬ್ಬಿಯ ಮುಚ್ಚಳವನ್ನು ಸೀರೆಯ ಸೆರಗಿನಿಂದ ಒರೆಸುತ್ತ ಕೂತಳು. ಆಮೇಲೆ ನಮಗ್ಯಾರಿಗೂ ಅಲ್ಲದಂತೆ ಮಾತಾಡಿದಳು.

“ನನ್ನ ಮದುವೆ ಆದಾಗ ನಮ್ಮವ್ವ ಬುತ್ತಿ ಕಟ್ಟಿದ್ಳು. ದಾರೀಲಿ ಗಾಡಿ ಅಚ್ಚು ಮುರೀತು. ಮರದ ಕೆಳಗೆ ಕುಂತೇ ಹೊತ್ತು ಹೋತು. ಆ ಮನೆಗೆ ಹೋಗಿ ಬಿಚ್ಚಿದ್ರೆ ಹಳಸೈತೆ. ಎಲ್ರೂ ಮೂಗು ಮುಚ್ಕಂಡ್ರು. ನಾನು ಹಿತ್ಲಾಗೆ ಕುಂತು ಅಷ್ಟನ್ನೂ ತಿಂದೆ. ನಮ್ಮವ್ವನ ಕೈದು, ಹೆಂಗೆ ಚೆಲ್ಲಲಿ? ತಿಂತಾ ಅಳ್ತಿದ್ದೆ. ನನ್ನ ಮಗಳು ಹಂಗೆ ಕುಂತು ಅಳಬಾರ್ದು ಅಂತ ನನ್ನ ಆಸೆ, ಅಷ್ಟೇ ಕಣಪ್ಪ. ಅದಕ್ಕೇ ಬೀದರೂ ಬೇಡ ಅಂದೆ.”

ಆ ಸಂಬಂಧ ಬಿಟ್ಟ ಮೇಲೆ ಬೀದರ್ ಎಂಬ ಹೆಸರು ಅವಳ ಬಾಯಿಂದ ಬಂದದ್ದು ಅದೇ ಮೊದಲು. ಸುಧಾ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

“ಬಿಸಾಕುವಾಗ ನಿನಗೆ ಏನೂ ಅನ್ಸಲ್ವೇನಪ್ಪ?” ಅವ್ವ ಕೇಳಿದಳು.

“ಅನ್ಸುತ್ತೆ ಅಮ್ಮ. ಕೆಲವು ಡಬ್ಬಿ ಮುಚ್ಚಳ ತೆಗೆದಾಗ ಒಗ್ಗರಣೆ ವಾಸನೆ ಬರುತ್ತಲ್ಲ, ಅವತ್ತು ನನಗೂ ಊಟ ಸೇರಲ್ಲ. ಅದಕ್ಕೇ ಬರೋರಿಗೆಲ್ಲ ಹೇಳ್ತೀನಿ, ಇಳಿಯೋ ಮುಂಚೆ ತಿಂದು ಮುಗಿಸಿ ಬನ್ನಿ ಅಂತ. ಹೊಟ್ಟೇಲಿರೋದನ್ನ ನಾವು ಕೇಳಲ್ಲ.”

ಅವ್ವ ಒಮ್ಮೆ ಸುಧಾಳನ್ನು ನೋಡಿದಳು, ಒಮ್ಮೆ ಡಬ್ಬಿಯನ್ನು. ಆಮೇಲೆ ಕೇಳಿದಳು:

“ಆ ದಾರೀಲಿ ಅರಸೀಕೆರೆ ಎಲ್ಲಿ ಬರ್ತೈತಪ್ಪ?”

ಸುಧಾ ನಮ್ಮ ಬಾಲ್ಯವನ್ನೆಲ್ಲ ಅವನ ಕಿವಿಗೆ ಹಾಕಿದ್ದಿರಬೇಕು. ಒಂದು ಕ್ಷಣವೂ ತಡವರಿಸದೆ, “ಸಿಂಗಾಪುರ ಅಮ್ಮ,” ಅಂದ.

“ಗಾಡಿ ಎಷ್ಟು ಹೊತ್ತು ನಿಲ್ತೈತೆ?”

“ಕೂತು ಊಟ ಮಾಡೋವಷ್ಟು ನಿಲ್ಲುತ್ತೆ.”

“ಹಂಗಾರೆ ಆತು,” ಅಂದಳು ಅವ್ವ. “ಲೀಲಾ, ಎಲ್ಲರಿಗೂ ಹುಗ್ಗಿ ಹಾಕವ್ವ. ಸಿಹಿ ತಾನಾಗೇ ಬಂದೈತೆ, ಶುಭ.”

ತಟ್ಟೆ ತರುತ್ತೇನೆಂದು ಒಳಗೆ ಹೋದ ಸುಧಾ ಬಹಳ ಹೊತ್ತು ಹೊರಗೆ ಬರಲಿಲ್ಲ. ನಾನು ಎರಡು ಸಲ ಹುಗ್ಗಿ ಹಾಕಿಸಿಕೊಂಡೆ. ಅಷ್ಟು ದೂರ ಹಾರಿ ಬಂದವನಿಗೆ ಹಸಿವಿರುವುದಿಲ್ಲವೆ?

ಶ್ರಾವಣದಲ್ಲಿ ಮನೆಯಲ್ಲೇ ಸರಳವಾಗಿ ಮದುವೆ ಮಾಡಿದೆವು. ಗೌರಕ್ಕ ತನ್ನಿಂದಲೇ ಈ ಮದುವೆಯಾದದ್ದೆಂದು ಬಂದವರಿಗೆಲ್ಲ ಹೇಳಿಕೊಂಡು ತಿರುಗಿದಳು. ಶಿವಾನಂದ ರಜೆ ಮುಗಿಸಿ ಮೊದಲು ಹೋದ. ವೀಸಾ ಬಂದ ಮೇಲೆ ಸುಧಾ ಒಬ್ಬಳೇ ಹೊರಟಳು, ಬೆಳಗಿನ ವಿಮಾನಕ್ಕೆ. ಅವ್ವ ಕೋಳಿ ಕೂಗುವ ಮುಂಚೆ ಎದ್ದು ಅನ್ನ ಮಿದ್ದು, ಹಾಲು ಸುರಿದು, ಒಂದು ಚಮಚ ಮೊಸರು ಬೆರೆಸಿ ಕಟ್ಟಿದಳು. ಗೇಟಿನ ತನಕ ಬಂದು ಡಬ್ಬಿ ಕೈಗಿತ್ತು, “ಡಬ್ಬಿ ಬರಿದಾಗಿ ವಾಪಸ್ ತರಬ್ಯಾಡ ಮತ್ತೆ,” ಅಂದಳು.

ವಿಮಾನ ನಿಲ್ದಾಣಕ್ಕೆ ಬಿಟ್ಟು ನಾನು ವಾಪಸು ಬಂದು ಸ್ನಾನ ಮುಗಿಸಿದರೂ ಅವ್ವ ಗೇಟಿನ ಕಡೆ ಮುಖ ಮಾಡಿ ಕೂತೇ ಇದ್ದಳು. ಲೀಲಾ ತಿಂಡಿಗೆ ಕರೆದಳು, ಬೇಡ ಅಂದಳು. ಮಧ್ಯಾಹ್ನ ತಟ್ಟೆ ಹಾಕಿದಳು, ಹಸಿವಿಲ್ಲ ಅಂದಳು. ವಯಸ್ಸಾದವರು, ಮಗಳು ಹೋದ ಸಂಕಟ ಎಂದುಕೊಂಡು ನಾವು ಒತ್ತಾಯ ಮಾಡಲಿಲ್ಲ. ಬಿಸಿಲು ಅಂಗಳ ದಾಟಿದ ಮೇಲೆ ನನ್ನ ಫೋನು ಸದ್ದು ಮಾಡಿತು. ಸುಧಾ ಒಂದು ಫೋಟೊ ಕಳಿಸಿದ್ದಳು. ಗಾಜಿನ ಗೋಡೆ, ಅದರಾಚೆ ವಿಮಾನ, ಈಚೆ ಕುರ್ಚಿಯ ಮೇಲೆ ಮುಚ್ಚಳ ತೆಗೆದ ಸ್ಟೀಲಿನ ಡಬ್ಬಿ. ಒಳಗೆ ಒಂದಗುಳೂ ಇರಲಿಲ್ಲ. ಕೆಳಗೆ ಬರೆದಿದ್ದಳು: ‘ಅವ್ವನಿಗೆ ಹೇಳು. ಅರಸೀಕೆರೆ ಬಂತು. ಹದವಾಗಿತ್ತು.’

ನಾನು ಓದಿ ಹೇಳಿದೆ.

ಅವ್ವ ಸೊಂಟ ಹಿಡಿದುಕೊಂಡು ಎದ್ದಳು. “ಹಸಿವು ಕಣೇ ಲೀಲಾ,” ಅಂದಳು. “ನನಗೂ ಬಡಿಸವ್ವ ಈಗ.”